ಒಂಟಿಗಲ್ಲಿಗೆ ಕೊಟ್ಟ ಬೆನ್ನು

ಬುಗ್ಗಿಹಾಳ
೧೮ ಜನವರಿ ೧೯೪೯

ಗುರುಲಿಂಗವ್ವ,

ಹ್ಯಾಂಗಿದ್ದಿ ನನ್ನ ಕೂಸ? ಈಶಪ್ಪ ಮಾಸ್ತರರ ಕೆಮ್ಮು ಇಳೀತೇನು? ನಿಮ್ಮ ಅತ್ತಿ ಮಲ್ಲಾಬಾಯಿಯವರ ಮೊಣಕಾಲು ಈ ಚಳಿಯಾಗ ಹ್ಯಾಂಗೈತಿ? ನಿನ್ನ ಹೊಟ್ಟ್ಯಾಗಿಂದು ಇನ್ನೂ ಹೆಸರಿಲ್ಲದ್ದು, ಅದನ್ನೂ ದೊಡ್ಡವ್ವ ಕೇಳ್ಯಾಳಂತ ಹೇಳು. ಇಲ್ಲಿ ನಿಮ್ಮಣ್ಣ ಬಸವಂತ್ರಾಯ, ಅವನ ಹೇಣ್ತಿ ಮೌನಮ್ಮ, ನಾನು, ಎಮ್ಮಿ, ಎಮ್ಮಿ ಕರಾ ಎಲ್ಲಾರೂ ಆರಾಮ.

ಈ ಸಂಕ್ರಮಣಕ್ಕ ನೀ ಬರಲಿಲ್ಲ. ಬಸುರಿ ಹೆಣ್ಮಗಳು ಬಸ್ಸಿನಾಗ ಕುಲುಕ್ಯಾಡಬಾರದಂತ ನಾನ ಬ್ಯಾಡಂದಿದ್ದೆ, ಖರೆ. ಆದ್ರೂ ಬುಗ್ಗಿ ದಂಡಿ ಮ್ಯಾಲೆ ಕುಂತಾಗ ಕಣ್ಣು ನಿನ್ನನ್ನ ಹುಡುಕ್ತಿದ್ದವು. ಬುಗ್ಗಿ ಜಳಕ ಅಂದ್ರೇನು, ಅಷ್ಟು ದೂರದಿಂದ ಬಂಡಿ ಕಟ್ಟಿಕೊಂಡು ಯಾಕ ಬರ್ತಾರಂತ ಮಾಸ್ತರರು ಕೇಳಿದ್ರಂತ ಬರದಿದ್ದಿ. ಇದನ್ನ ಅವರಿಗೆ ಓದಿ ಹೇಳು.

ಮಾಸ್ತರರ, ನಮ್ಮೂರ ಹೊಳಿ ದಂಡೀಗೆ ಒಂದು ಬಿಸಿನೀರಿನ ಬುಗ್ಗಿ ಐತಿ. ಚಳಿಗಾಲದಾಗ ಅದರ ಮ್ಯಾಲೆ ಹೊಗಿ ಆಡತೈತಿ, ಯಾರೋ ಒಳಗ ಒಲಿ ಹೂಡ್ಯಾರ ಅನ್ನೂಹಂಗ. ಸಂಕ್ರಮಣಕ್ಕ ಸಗರದಿಂದ, ದೇವಾಪುರದಿಂದ, ಆ ದಂಡಿಯಿಂದ ಮಂದಿ ಬಂದು ಬೇವಿನ ಗಿಡದ ಬುಡಕ್ಕ ಬಿಡಾರ ಹೂಡ್ತಾರ. ಸಜ್ಜಿ ರೊಟ್ಟಿ, ಭಜ್ಜಿ, ಕುಂಬಳಕಾಯಿ ಪಲ್ಯ. ಮುಂಜಾನಿ ಹೆಂಗಸರ ಪಾಳಿ, ಹೊತ್ತೇರಿದ ಮ್ಯಾಲೆ ಗಂಡಸರದು. ಕೀಲುನೋವು ಇದ್ದವರು, ಬಾಣಂತ್ಯಾರು, ಸುಮ್ಮನ ಖುಷಿಗೆ ಬಂದವರು, ಎಲ್ಲಾರೂ ಅದ ನೀರಾಗ.

ಅಲ್ಲಿ ಒಂದು ಕಟ್ಟಳಿ ಐತಿ. ತನ್ನ ಬೆನ್ನು ತಾನ ತಿಕ್ಕಿಕೊಳ್ಳಂಗಿಲ್ಲ, ಮನಿಯವರೂ ತಿಕ್ಕಂಗಿಲ್ಲ. ಹುಡುಗಿ ಸಣ್ಣಾಕಿ ಇದ್ದಾಗ ಬ್ಯಾರೆ ಮನಿ, ಬ್ಯಾರೆ ಜಾತಿ ಹುಡುಗಿ ಕೂಡ ಬೆನ್ನಿಗೆ ಬೆನ್ನು ಹಚ್ಚಿ ಕುಂಡ್ರಿಸಿ, ಇಬ್ಬರ ತಲಿ ಮ್ಯಾಲೂ ಒಂದ ಕೊಡ ನೀರು ಸುರೀತಾರ. ಅವತ್ತಿನಿಂದ ಅವರು ಬೆನ್ನಜೋಡಿ. ವರ್ಷಾ ವರ್ಷಾ ಒಬ್ಬರಿಗೊಬ್ಬರು ಎಳ್ಳು ಅರದು ತಂದು, ಒಬ್ಬರ ಬೆನ್ನು ಒಬ್ಬರು ತಿಕ್ಕಬೇಕು. ಸಾಯೂತನಾ. ಜೋಡಿ ಸತ್ತು ಒಬ್ಬಾಕಿ ಉಳದ್ರ ಆಕಿಗೆ ನೀರಿನ ಮಗ್ಗಲಕ ಒಂದು ಕಲ್ಲು ಐತಿ, ಒಂಟಿಗಲ್ಲು ಅಂತೀವಿ. ಎಳ್ಳು ಆ ಕಲ್ಲಿಗೆ ಹಚ್ಚಿ, ಅದಕ್ಕ ಬೆನ್ನು ತಿಕ್ಕಿಕೊಂಡು ನೀರಿಗೆ ಇಳೀಬೇಕು. ಆ ಕಲ್ಲಿನ ಹಂತ್ಯಾಕ ಹೋದಾಕಿನ್ನ ನೋಡಿದ್ರ ಯಾರೂ ಮಾತಾಡಸಂಗಿಲ್ಲ.

ನನ್ನ ಜೋಡಿ ಪಿಂಜಾರ ಮಕ್ತುಂಬಿ. ನಿಮ್ಮ ಗುರುಲಿಂಗವ್ವನ ಜೋಡಿ ಆಕಿ ಮಗಳು ಆಮೀನಾ. ಇಬ್ಬರಿಗೂ ಅಕ್ಷರ ಕಲಿಸಿದಾಕಿ ನಾನ, ಕಾಳು ಕೇರೋ ಮರದಾಗ ಎಳ್ಳು ಹರವಿ ಬೆರಳಿಲೆ ತಿದ್ದಿಸಿ. ನಾ ಕಲ್ತದ್ದೂ ಹಂಗ, ನಮ್ಮಪ್ಪನ ಪುರಾಣದ ಪುಸ್ತಕ ಬಗ್ಗಿ ನೋಡಿ ನೋಡಿ.

ಈ ವರ್ಷ ಮಕ್ತುಂಬಿ ಜಳಕಕ್ಕ ಬರಲಿಲ್ಲ. ಜ್ವರ ಬಂದಿತ್ತಂತ. ಜಳಕ ಎಲ್ಲಾ ಚಲೋ ಆತು.

ಏಳನೇ ತಿಂಗಳಿಗೆ ಬಂದು ಕುಬಸ ಮಾಡಿ ಕರಕೊಂಡು ಬರ್ತೀವಿ. ಚೊಚ್ಚಲ ಹೆರಿಗಿ ಇಲ್ಲೇ ಆಗಬೇಕು. ನಿಮ್ಮವ್ವ ಇದ್ದಿದ್ರ ಇದನ್ನ ಆಕಿ ಬರೀತಿದ್ಲು. ಹುಳಿ ತಿನ್ನಬೇಕನಿಸಿದ್ರ ತಿನ್ನು, ನಿಮ್ಮತ್ತಿಗೆ ನಾ ಹೇಳೀನಂತ ಹೇಳು.

ನಿನ್ನ ದೊಡ್ಡವ್ವ,
ಶೇಖಮ್ಮ


ಗುರುಮಠಕಲ್
೯ ಫೆಬ್ರುವರಿ ೧೯೪೯

ದೊಡ್ಡವ್ವಗ ಗುರುಲಿಂಗಮ್ಮ ಮಾಡುವ ಶರಣು.

ನಾವೆಲ್ಲಾ ಆರಾಮ. ಇವರ ಕೆಮ್ಮು ಹೋಗೇತಿ. ಅತ್ತಿಯವರ ಮೊಣಕಾಲು ಅವರ ಬಾಯಿಗಿಂತ ಚಲೋ ಐತಿ. ನಿನ್ನ ಕಾಗದ ಇವರಿಗೆ ಓದಿ ಹೇಳಿದೆ. ಬೆನ್ನಜೋಡಿ ಮಾತು ಕೇಳಿ, "ಎಂಥಾ ಛಂದ ಕಟ್ಟಳಿ" ಅಂದ್ರು. ಸಾಲಿ ಹುಡುಗರಿಗೆ ಹೇಳ್ತೀನಿ ಅಂತನೂ ಅಂದ್ರು.

ದೊಡ್ಡವ್ವ, ಎಲ್ಲಾರನ್ನೂ ಹೆಸರು ಹಿಡದು ಕೇಳಿದಿ. ಇದ ಊರಾಗ ಎರಡು ಓಣಿ ಆಚಿಗೆ ಇರೋ ಆಮೀನಾನ್ನ ಕೇಳಲಿಲ್ಲ. ಮರತಿರಬೇಕಂತ ಅನಕೊಂಡಿದ್ದೆ.

ಹೋದ ಸಂತಿ ದಿನ ಬಾಗಿಲಾಗ ಯಾರೋ ನಿಂತಂಗಾತು. ಹೋಗಿ ನೋಡಿದ್ರ ಮಕ್ತುಂಬಿ ಚಿಗವ್ವ. ತಲಿ ಮ್ಯಾಲೆ ಗಂಟು, ಕಂಕುಳಾಗ ಗೋಣಿತಟ್ಟಿನಾಗ ಸುತ್ತಿದ ಹತ್ತಿ ಹಿಂಜೋ ಬಿಲ್ಲು. ಸತ್ತ ಗಂಡನ ಆ ಬಿಲ್ಲು ಆಕಿ ಮನಿ ಗೂಟ ಬಿಟ್ಟು ಇಳಿದಿದ್ದು ನಾ ಯಾವತ್ತೂ ನೋಡಿಲ್ಲ. ಓಡಿ ಹೋಗಿ ಕೈ ಹಿಡೀಬೇಕಂದ್ರ ಹಿಂದಕ್ಕ ಸರದಳು.

"ದೂರ ನಿಲ್ಲವ್ವ. ಬಸುರಿ ಹೆಣ್ಮಗಳು ಸತ್ತವರನ್ನ ಮುಟ್ಟಬಾರದು."

"ಇದೆಂಥಾ ಮಾತು ಚಿಗವ್ವ? ಜ್ವರ ಬಿಟ್ಟಾವೇನು?"

"ಯಾರಿಗೆ ಜ್ವರ?"

"ನಿನಗ ಜ್ವರ ಬಂದಿದ್ದವಂತ ದೊಡ್ಡವ್ವ ಬರದಾಳ."

ಆಕಿ ಬಾಯಿಗೆ ಸೆರಗು ಹಿಡಕೊಂಡು ನಕ್ಕಳು. ನಗಿ ನಿಲ್ಲಲೇ ಇಲ್ಲ. "ಶಾಣ್ಯಾಕಿ ನಿಮ್ಮ ದೊಡ್ಡವ್ವ. ಮಂದಿ ಮುಂದ ನಾ ಸತ್ತೆ, ಕಾಗದದಾಗ ನನಗ ಜ್ವರ. ಎರಡರಾಗ ಒಂದನ್ನರ ಗಟ್ಟಿ ಮಾಡಿಕೊಳ್ಳಂತ ಹೇಳು, ನನಗೂ ಗೊತ್ತಾಗ್ಲಿ."

ಒಳಗ ಬರಲಿಲ್ಲ. ನೀರು ಕೊಟ್ಟೆ, ಕುಡದಳು. ಆಮೀನಾನ ಮನಿಗೆ ಇರಾಕಂತ ಬಂದಾಳಂತ. "ಎಷ್ಟು ದಿನ?" ಅಂತ ಕೇಳಿದ್ರ, "ಬಿಲ್ಲು ತಂದೀನಿ, ನೋಡವಲ್ಲೀಯೇನು?" ಅಂದ್ಳು.

ಆಮೀನಾನ್ನ ಕೇಳಿದೆ. ಆಕಿ ತೊಡಿ ಮ್ಯಾಲಿನ ಕೂಸು ಶರೀಫಾನ ತಲಿ ಸವರಿಕೋಂತ ಮಾರಿ ತಿರುವಿದ್ಲು. ಇಂಥಾ ಆಮೀನಾನ್ನ ನಾ ನೋಡಿದ್ದಿಲ್ಲ.

ಏನಾತು ದೊಡ್ಡವ್ವ? ಖರೆ ಹಕೀಕತ್ ಬರಿ.

ನಿನ್ನ ಮಗಳಂಥಾ
ಗುರುಲಿಂಗಮ್ಮ


ಬುಗ್ಗಿಹಾಳ
೨ ಏಪ್ರಿಲ್ ೧೯೪೯

ಗುರುಲಿಂಗವ್ವ,

ನಿನ್ನ ಕಾಗದ ಬಂದು ಬಾಳ ದಿನ ಆತು. ಶಿವರಾತ್ರಿ ಹೋತು, ಉಗಾದಿ ಹೋತು. ದಿನಾ ಮಸಿ ಕಲಸ್ತಿದ್ದೆ, ದಿನಾ ಒಣಗತಿತ್ತು. ಮೌನಮ್ಮ, "ಅತ್ತಿ, ಬರ್ಯಾಕ ಬರವಲ್ದೇನು?" ಅಂದ್ಳು. ಬರವಲ್ದು ಅಂದೆ.

ಆಕಿಗೆ ಜ್ವರ ಇರಲಿಲ್ಲ.

ನಿನಗ ಗೊತ್ತೈತಿ, ಹೋದ ವರ್ಷದ ಗದ್ದಲದಾಗ ಬಸವಂತ್ರಾಯ ಊರು ಬಿಟ್ಟು ಗಡಿ ಆಚಿ ಶಿಬಿರದಾಗ ಇದ್ದ. ಹೋಗೂಕಿಂತ ಮೊದ್ಲ ರಜಾಕಾರರ ಕೈಗೆ ಸಿಕ್ಕಿದ್ದ. ಅವನ ಬೆನ್ನ ಮ್ಯಾಲಿನ ಬಾಸುಂಡಿ ನೀ ನೋಡಿಲ್ಲ. ಎಣ್ಣಿ ಹಚ್ಚಿದಾಕಿ ನಾನು. ನಿಜಾಮನ ರಾಜ್ಯ ಹೋತು, ಬಾವುಟ ಬದಲಾತು, ಅವ ಮನಿಗೆ ಬಂದ. ಬಂದಾವ ಮೊದಲಿನ ಬಸವಂತ್ರಾಯ ಆಗಿರಲಿಲ್ಲ. ಉಣ್ಣೂಮುಂದ ಒಮ್ಮೊಮ್ಮೆ ಹಲ್ಲು ಕಡೀತಾನ. ಹೊಡದವರು ಯಾರೋ ಎಲ್ಲಿಯವರೋ. ಅವರು ಎದುರಿಗೆ ಇರಲಿಲ್ಲ. ಎದುರಿಗೆ ಇದ್ದಾಕಿ ಮಕ್ತುಂಬಿ.

ಸಂಕ್ರಮಣದ ಮುಂಜಾನೆ ಅವನೂ ಊರ ನಾಕು ಹುಡುಗರೂ ಬುಗ್ಗಿ ದಾರಿಗೆ, ಹುಣಸಿ ಗಿಡದ ಕೆಳಗ ನಿಂತಿದ್ರು. ನಾವು ಹೆಂಗಸರು ಒಳಗ ಬಂದಾಗಿತ್ತು. ಮಕ್ತುಂಬಿ ಜರಾ ತಡಾ ಮಾಡಿ ಬಂದ್ಲು. ಕೈಯಾಗ ಎಳ್ಳಿನ ಬಟ್ಟಲು.

"ಚಿಗವ್ವ, ಈ ವರ್ಷ ಬ್ಯಾಡ" ಅಂದ ಬಸವಂತ್ರಾಯ.

"ಯಾಕೋ, ಬುಗ್ಗಿ ಬತ್ತೇತೇನು?"

"ಬತ್ತಿಲ್ಲ. ನಮ್ಮ ಮಂದಿ ಅಷ್ಟ ಜಳಕ ಮಾಡ್ಲಿ ಅಂತ ಊರಾಗ ಮಾತಾಗೇತಿ."

"ನಿಮ್ಮ ಮಂದಿ ಅಂದ್ರ ಯಾರಪ್ಪ? ನಿಮ್ಮವ್ವನ ಬೆನ್ನು ಯಾವ ಮಂದೀದು?"

ಹುಡುಗರು ನಕ್ಕರು. ಅವ ನಗಲಿಲ್ಲ. ಆಗ ಆಕಿ ಅವರ ಹೆಗಲ ಮ್ಯಾಲಿಂದ ನನ್ನ ಕಡೆ ನೋಡಿ ಕೂಗಿದಳು. "ಶೇಖೀ, ಎಳ್ಳು ಅರಕೊಂಡು ಬಂದೀನಿ. ನೀ ಹೇಳು. ಬರ್ಲೋ, ಹೋಗ್ಲೋ?"

ನೀರಾಗಿನ ಹೆಂಗಸರೆಲ್ಲಾ ನನ್ನ ಮಾರಿ ನೋಡಿದ್ರು. ನಾ ನೀರು ನೋಡಿದೆ.

ಇಷ್ಟ ಆಗಿದ್ರ ಈ ಕಾಗದ ಬರ್ಯಾಕ ಇಷ್ಟು ದಿನ ಹಿಡೀತಿರಲಿಲ್ಲ, ಗುರುಲಿಂಗಾ. ಜಳಕ ಬಿಟ್ಟು ಒಣ ಬೆನ್ನಿಲೆ ಮನಿಗೆ ಹೋಗಬಹುದಿತ್ತು. ಎದ್ದು ಹೋದ್ರ ಮಗನ ಮಾತಿಗೆ ಎದುರು ನಿಂತಂಗ ಆಗತೈತಿ. ಹಂಗ ಕುಂತ್ರ ಮಂದಿ, ಆಕಿ ಸಲುವಾಗಿ ಕುಂತಾಳಂತಾರ. ಎರಡೂ ಬ್ಯಾಡಾಗಿ, ಲಗೂ ಜಳಕ ಮುಗಿಸಿ ಆ ಜಾಗ ಬಿಟ್ಟು ಹೋದ್ರ ಸಾಕಾಗಿತ್ತು ನನಗ. ನಾ ಹೋಗಿ ಒಂಟಿಗಲ್ಲಿಗೆ ಎಳ್ಳು ಹಚ್ಚಿದೆ. ಬೆನ್ನು ಕೊಟ್ಟೆ. ತಿಕ್ಕಿಕೊಂಡೆ.

ತಿರುಗಿ ನೋಡಿದ್ರ ಆಕಿ ಇನ್ನೂ ಹುಣಸಿ ಗಿಡದ ಕೆಳಗ ನಿಂತಿದ್ಲು. ಕಣ್ಣು ಬಿಟ್ಟುಕೊಂಡು, ಉಸಿರಾಡಿಕೋಂತ. ಬಟ್ಟಲು ಗಿಡದ ಬೇರಿನ ಮ್ಯಾಲೆ ಇಟ್ಟು ಹೋದಳು. ನಾ ಬರೂಮುಂದ ಅದಕ್ಕ ಇರುವಿ ಹತ್ತಿದ್ದವು.

ಬಟ್ಟಲು ತೊಳದು ಇಟ್ಟೀನಿ. ಇದನ್ನ ಮಾಸ್ತರರಿಗೆ ಓದಿ ಹೇಳಬ್ಯಾಡ. ಛಂದ ಕಟ್ಟಳಿ ಅಂದಿದ್ರಲ್ಲ ಅವರು.

ಶೇಖಮ್ಮ


ಗುರುಮಠಕಲ್
೨೫ ಏಪ್ರಿಲ್ ೧೯೪೯

ದೊಡ್ಡವ್ವ,

ಕಾಗದ ಮುಟ್ಟಿತು. ಇವರಿಗೆ ಓದಿ ಹೇಳಿಲ್ಲ. ಅಡಗಿಮನಿಯಾಗ ಕುಂತು ಒಬ್ಬಾಕಿನ ಓದಿದೆ.

ಬಸವಂತ್ರಾಯ ಅಣ್ಣನ ಬೆನ್ನು ನನಗೂ ಸಂಕಟ ಆಗತೈತಿ. ಆದ್ರ ನಾ ಈ ವರ್ಷ ಬಂದಿದ್ರ? ಆಮೀನಾನೂ ಬಂದಿರ್ತಿದ್ಲು, ಆಕಿನ್ನೂ ಆ ಹುಣಸಿ ಗಿಡದ ಕೆಳಗ ನಿಲ್ಲಸ್ತಿದ್ರು. ನನಗ ಆ ಕಲ್ಲು ತೋರಸ್ತಿದ್ದೇನು ನೀನು? ಸಿಟ್ಟಿಲೆ ಕೇಳವಲ್ಲೆ. ಗೊತ್ತಿಲ್ಲದ್ದಕ್ಕ ಕೇಳಾಕತ್ತೇನಿ.

ಕುಬಸಕ್ಕ ಬರಬ್ಯಾಡ್ರಿ. ಹೆರಿಗಿಗೆ ನಾ ಬರಂಗಿಲ್ಲ. ಅತ್ತಿಯವರಿಗೆ ಬಿಸಿಲ ನೆವಾ ಹೇಳೀನಿ. "ತವರಿನವರು ಕರೀಲಿಲ್ಲೇನು?" ಅಂತ ಓಣಿ ಮಂದಿ ಕೇಳ್ತಾರ, ಕೇಳ್ಲಿ. ಹುಟ್ಟೋದು ಹೆಣ್ಣಾದ್ರ ಅದನ್ನ ಬುಗ್ಗಿಗೆ ತಂದು ಯಾರ ಬೆನ್ನಿಗೆ ಹಚ್ಚಿ ಕುಂಡ್ರಿಸ್ಲಿ? ಶರೀಫಾನ ಜೋಡಿ ಅಂತ ನಾನು ಆಮೀನಾ ಎಂದೋ ಮಾತಾಡಿಕೊಂಡಿದ್ವಿ. ಈಗ ಆ ಮಾತು ಆಕಿ ತಗಿಯಂಗಿಲ್ಲ, ನನಗೂ ಬಾಯಿ ಇಲ್ಲ. ಮಕ್ತುಂಬಿ ಚಿಗವ್ವಗ ಆ ನೀರಾಗ ಜಾಗಾ ಆಗೂತನಾ ನನ್ನ ಕೂಸು ಬುಗ್ಗಿಹಾಳದ ಹಾದಿ ಹಿಡಿಯಂಗಿಲ್ಲ.

ಚಿಗವ್ವ ಇಲ್ಲಿ ಗಾದಿ ತುಂಬತಾಳ. ತೆಲುಗು ಬರಂಗಿಲ್ಲ, ಕೈಲೇ ಮಾತಾಡ್ತಾಳ. ಓಣಿ ಹೆಂಗಸರಿಗೆಲ್ಲಾ ಆಕಿ ಬೇಕು. ನಿನ್ನ ಬಗ್ಗೆ ಮಾತೆತ್ತಿದ್ರ ಹತ್ತಿ ಹಿಂಜಾಕ ಸುರು ಮಾಡ್ತಾಳ, ಆ ಬಿಲ್ಲಿನ ಸಪ್ಪಳದಾಗ ಏನೂ ಕೇಳಂಗಿಲ್ಲ.

ಒಂದು ಮಾತು ದೊಡ್ಡವ್ವ. ಇದನ್ನೆಲ್ಲಾ ನನಗ್ಯಾಕ ಬರೀತಿ? ಅಕ್ಷರ ಆಮೀನಾಗೂ ಬರ್ತಾವ. ನೀನ ಕಲಿಸಿದ್ದಿ.

ಗುರುಲಿಂಗಮ್ಮ


ಬುಗ್ಗಿಹಾಳ
೧೬ ಜೂನ್ ೧೯೪೯

ಗುರುಲಿಂಗವ್ವ,

ಕಾರಹುಣ್ಣಿವಿ ಮುಗೀತು. ಮಿರಗದ ಮಳಿ ಒಂದು ಹನಿ ತೋರಿಸಿ ಹೋತು. ಮಲ್ಲಾಬಾಯಿಯವರು ನಿನ್ನ ಚಲೋ ನೋಡಿಕೊಳ್ಳಾಕತ್ತಾರೋ ಇಲ್ಲೋ? ಕಾಲು ಬಾತರ ಉಪ್ಪು ಕಡಿಮಿ ಮಾಡು.

ಕುಬಸದ ಸೀರಿ ತಂದಿಟ್ಟಿದ್ದೆ. ಹಸರು, ಕೆಂಪು ದಡಿ. "ಯಾವಾಗ ಹೋಗೋದ್ರಿ ಅತ್ತಿ?" ಅಂತ ಮೌನಮ್ಮ ಕೇಳಿಕೋಂತ ಇದ್ಲು. ನೀ ಬರಂಗಿಲ್ಲ ಅಂದದ್ದು ಯಾಕಂತ ಕಡೀಗೆ ಹೇಳಬೇಕಾತು. ಬಸವಂತ್ರಾಯ ಉಣ್ಣಾಕ ಕುಂತಿದ್ದ. ಅವನ ಮ್ಯಾಲೆ ಹರಿಹಾಯ್ದೆ. "ನಿನ್ನಿಂದ ಮನಿ ಮಗಳು ತವರಿಗೆ ಬರದಂಗಾತು. ನಿನ್ನಿಂದ ನನ್ನ ಜೋಡಿ ಊರು ಬಿಟ್ಲು" ಅಂದೆ.

ಅವ ತುತ್ತು ಕೆಳಗಿಟ್ಟ. "ಅವ್ವ, ನಾ ಬಾಯಿಲೆ ಬ್ಯಾಡಂದೆ. ಕಲ್ಲಿಗೆ ಬೆನ್ನು ಕೊಡಂತ ನಿನಗ ಯಾರು ಹೇಳಿದ್ರು?"

ಮೌನಮ್ಮ ಒಲಿ ಕಡೆ ತಿರುಗಿದಳು. ರೊಟ್ಟಿ ಹತ್ತಿತು. ಯಾರೂ ತಗೀಲಿಲ್ಲ.

ನೀನೂ ಅದನ್ನ ಕೇಳಿದ್ದಿ, ಬ್ಯಾರೆ ಮಾತಿನಾಗ.

ಮರುದಿನ ಅವ ಚಾವಡಿಯಾಗ ಮಾತಾಡಿ ಬಂದ. ಬೇಕಾದ್ರ ಮಕ್ತುಂಬಿ ಚಿಗವ್ವ ಮುಂದಿನ ಸಂಕ್ರಮಣಕ್ಕ ಬರ್ಲಿ, ಎಲ್ಲಾರ ಜಳಕ ಮುಗಿದ ಮ್ಯಾಲೆ ಸಂಜೀಕ ಬರ್ಲಿ, ಬ್ಯಾರೆ ಕೊಡ ತರ್ಲಿ ಅಂದ್ರಂತ. ದೊಡ್ಡ ಉಪಕಾರ ಮಾಡಿದಂಗ ಬಂದು ಹೇಳಿದ. ಅವನ ಮಾರಿ ನೋಡಿದ್ರ ಅವನಿಗೂ ಅದು ಉಪಕಾರ ಅನಿಸಿರಲಿಲ್ಲ. ಈ ಮಾತು ನೀ ಆಕಿಗೆ ಮುಟ್ಟಿಸಬ್ಯಾಡ. ನನಗ ಕೇಳಾಕ ಆಗಲಿಲ್ಲ, ಆಕಿಗೆ ಹ್ಯಾಂಗ ಹೇಳಿಸ್ಲಿ?

ಒಣಮೀನ ಮಾರೋ ಅಮಾತೆಪ್ಪ ಆ ಕಡೆ ಬರಾಕತ್ತಾನ. ಅವನ ಕೈಯಾಗ ಎಳ್ಳು ಅರದು ಉಂಡಿ ಕಟ್ಟಿ ಕಳಿಸೀನಿ, ಬಾಳಿ ಎಲಿಯಾಗ. ಮಕ್ತುಂಬಿಗೆ ಕೊಡು. ಯಾರು ಕೊಟ್ರಂತ ಕೇಳಿದ್ರ ಹೇಳು. ಕೇಳದಿದ್ರ ಸುಮ್ಮನಿರು. ಮೀನಿನ ವಾಸನಿ ಹತ್ತಿರಬಹುದು.

ಆಮೀನಾಗ ಬರಿ ಅಂದಿ. ಮೂರು ಸಲ ಹಾಳಿ ಮುಂದಿಟ್ಟುಕೊಂಡು ಕುಂತೆ. ಬರದದ್ದನ್ನ ಆ ಹುಡುಗಿ ತಾಯಿ ಮುಂದ ಕುಂತು ಬಾಯಿ ಬಿಟ್ಟು ಓದಬೇಕು. ನಾ ಮಾಡಿದ್ದನ್ನ ನನ್ನ ಹತ್ತಿರ ಕಲ್ತ ಬಾಯಿಲೆ ಹೇಳಿಸಬೇಕು. ಆಗಲಿಲ್ಲ.

ಮೈ ಕಡೆ ಲಕ್ಷ್ಯ ಇರ್ಲಿ.

ದೊಡ್ಡವ್ವ


ಗುರುಮಠಕಲ್
೧೪ ಆಗಸ್ಟ್ ೧೯೪೯

ದೊಡ್ಡವ್ವಗ ಶರಣು.

ಹೆಣ್ಣು ಹುಟ್ಟೇತಿ. ಇಬ್ಬರೂ ಆರಾಮ ಇದ್ದೀವಿ. ಮೂಗು ನಮ್ಮವ್ವಂದು ಅಂತಾರ. ನಮ್ಮವ್ವನ ಮೂಗು ನೀನ ನೋಡೀಯಲ್ಲ, ನೀ ಹೇಳಬೇಕು.

ಹೆರಿಗಿ ಬಾಳ ಕಠಿಣ ಆತು. ಮುಂಜಾನಿ ಹಿಡಿದ ಬ್ಯಾನಿ ಮಧ್ಯಾಹ್ನ ಆದ್ರೂ ಮುಗೀಲಿಲ್ಲ. ಸೂಲಗಿತ್ತಿ ಬಾಯಿಯಾಗ ತೆಲುಗು ಬಿಟ್ಟು ಬ್ಯಾರೆ ಬರಂಗಿಲ್ಲ, ಆಕಿ ಏನಂತಾಳ ನನಗ ತಿಳಿಯಂಗಿಲ್ಲ. ಅತ್ತಿಯವರು ದೇವರ ಮುಂದ ಕುಂತುಬಿಟ್ರು. ಆಗ ಆಮೀನಾ ಓಡಿ ಹೋಗಿ ಅವ್ವನ್ನ ಕರಕೊಂಡು ಬಂದ್ಲು.

ಮಕ್ತುಂಬಿ ಚಿಗವ್ವ ಬಂದು ನನ್ನ ಹಿಂದ ಕುಂತ್ಲು. ಹತ್ತಿ ಎಣ್ಣಿಯಾಗ ಅದ್ದಿ ಬೆನ್ನು ತಿಕ್ಕಾಕತ್ತಿದ್ಲು. ತಿಕ್ಕಿಕೋಂತ ಒಂದ ಸವನ ಬಯ್ತಿದ್ಲು. "ಒದರು. ಇನ್ನೂ ಒದರು. ನಿಮ್ಮ ದೊಡ್ಡವ್ವಗ ಬುಗ್ಗಿಹಾಳಕ್ಕ ಕೇಳಿಸ್ಲಿ. ಬಸವಂತ್ರಾಯ ಹುಟ್ಟೂಮುಂದ ಆಕಿ ಊರು ಎಬ್ಬಿಸಿದ್ಲು, ನೀನೇನು ಕುರಿಮರಿಯಂಗ ಕುಂಯ್ ಅಂತಿ?" ನಾ ಅಳೂಮುಂದೂ ನಕ್ಕೆ. ಕೂಸು ಬಂತು.

ಎಲ್ಲಾ ಮುಗಿದ ಮ್ಯಾಲೆ ನೀ ಕಳಿಸಿದ ಎಳ್ಳಿನ ಉಂಡಿ ಕೊಟ್ಟೆ. ಇಷ್ಟು ದಿನ ಕೊಡಾಕ ನನಗ ಧೈರ್ಯ ಆಗಿರಲಿಲ್ಲ. ಯಾರು ಕೊಟ್ರಂತ ಕೇಳಲಿಲ್ಲ. ಮೂಸಿ ನೋಡಿದ್ಲು. ವಾಪಸ್ ನನ್ನ ಕೈಯಾಗ ಇಟ್ಟಳು.

"ಸತ್ತವರಿಗೆ ಎಳ್ಳು ಬಿಡ್ತಾರವ್ವ, ಹಚ್ಚಂಗಿಲ್ಲ."

ಆಮೀನಾ ಎದ್ದು ಹೊರಗ ಹೋದ್ಲು. ಚಿಗವ್ವ ಕೂಸಿನ ಬೆನ್ನು ಒರಸ್ಕೋಂತ ಕುಂತಿದ್ಲು. "ಈಕಿ ಬೆನ್ನು ಅಗಲ ಐತಿ, ಶೇಖೀದಿದ್ದಂಗ" ಅಂದ್ಲು. ಅಂದು ತುಟಿ ಕಚ್ಚಿಕೊಂಡ್ಲು, ಅನ್ನಬಾರದ್ದು ಅಂದಂಗ.

ಇದನ್ನ ಬರೀಬೇಕೋ ಬ್ಯಾಡೋ ಅಂತ ಬಾಳ ವಿಚಾರ ಮಾಡಿದೆ. ಬರದೀನಿ. ಇನ್ನ ನೀ ಉಂಟು, ಆಕಿ ಉಂಟು. ನಡುವ ನನ್ನ ಇಡಬ್ಯಾಡ, ದೊಡ್ಡವ್ವ.

ಗುರುಲಿಂಗಮ್ಮ


ಬುಗ್ಗಿಹಾಳ
೧೭ ಜನವರಿ ೧೯೫೦

ಮಕ್ತೂ,

ಹ್ಯಾಂಗಿದ್ದಿ? ಎಡಗೈ ಜೋಮು ಹಿಡೀತಿತ್ತು, ಈಗ ಹ್ಯಾಂಗೈತಿ? ಆಮೀನಾ ಆರಾಮ ಇದ್ದಾಳೇನು? ಸಣ್ಣಾಕಿ ಶರೀಫಾಬೀ ನಡ್ಯಾಕ ಕಲ್ತಾಳೇನು? ನಮ್ಮ ಗುರುಲಿಂಗವ್ವನ ಮಗಳನ್ನ ನಾ ಇನ್ನೂ ನೋಡಿಲ್ಲ. ಆಕಿ ಬೆನ್ನು ಮೊದಲು ನೋಡಿದಾಕಿ ನೀನು. ಆಕಿ ಹ್ಯಾಂಗಿದ್ದಾಳ?

ಆಮೀನಾ, ನನ್ನ ಕೂಸ, ಇದನ್ನ ನೀ ಓದಾಕತ್ತೀಯಂತ ಗೊತ್ತೈತಿ. ಮುಂದಿನ ಸಾಲು ಓದೂಮುಂದ ನಿನ್ನ ದನಿ ನಡುಗಿದ್ರ ಜರಾ ನಿಂತು ಓದು. ಮರದಾಗ ಎಳ್ಳು ಹರವಿ ತಿದ್ದಿಸಿದಾಗ ಇಂಥಾದ್ದು ಓದಬೇಕಾದೀತಂತ ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಂದೂ ಅಕ್ಷರ ಬಿಡಬ್ಯಾಡ.

ಮಕ್ತೂ, ನೀ ಹುಣಸಿ ಗಿಡದ ಕೆಳಗ ಜೀವಂತ ನಿಂತಿದ್ದಿ. ಬರ್ಲೋ ಹೋಗ್ಲೋ ಅಂತ ನನ್ನ ಕೇಳಿದಿ. ಬಾ ಅನ್ನಾಕ ಒಂದ ಅಕ್ಷರ ಸಾಕಿತ್ತು. ಅದನ್ನ ನುಂಗಿ, ನೀ ನೋಡೂಮುಂದ ನಿನ್ನ ಸತ್ತಾಕಿ ಮಾಡಿದೆ. ಬಸವಂತ್ರಾಯ ಮಾಡಿಸಿದ್ದಲ್ಲ. ಊರವರು ಮಾಡಿಸಿದ್ದಲ್ಲ. ನಾನ. ಮ್ಯಾಲೆ ಗುರುಲಿಂಗವ್ವಗ ಜ್ವರ ಅಂತ ಬರದೆ.

ಮತ್ತ ಸಂಕ್ರಮಣ ಬಂತು. ನಿನಗ ಬಾ ಅಂತ ಹೇಳಿ ಕಳಿಸಾಕ ನನಗ ಮಾರಿ ಇರಲಿಲ್ಲ. ಸಂಜಿ ಜಳಕ, ಬ್ಯಾರೆ ಕೊಡ ಅಂತ ಊರಾಗ ಮಾತಾಗೇತಿ. ಅಂಥಾ ಮಾತಿಗೆ ಒಪ್ಪಿ ನೀ ಬಂದ್ರ ನಾನ ನಿನ್ನನ್ನ ಹಿಂದಕ್ಕ ಕಳಸಬೇಕಾಗತೈತಿ. ಹಂಗ ಬರಬ್ಯಾಡ.

ನಾ ಹೋದೆ. ಬೇರಿನ ಮ್ಯಾಲೆ ನೀ ಬಿಟ್ಟು ಹೋಗಿದ್ದಿಯಲ್ಲ, ಆ ಬಟ್ಟಲು ತಗೊಂಡು ಹೋದೆ. ಖಾಲಿ. ನೀರಿನ ದಂಡಿಗೆ, ನಾವಿಬ್ಬರೂ ಕುಂಡ್ರತಿದ್ದ ಹಾಸಗಲ್ಲಿನ ಮ್ಯಾಲೆ ಬಟ್ಟಲು ಮಗ್ಗಲಕ ಇಟ್ಟುಕೊಂಡು ಕುಂತೆ. ಮೌನಮ್ಮ ಬಂದು ಕಿವಿಯಾಗ, "ಅತ್ತಿ, ಎಲ್ಲಾರೂ ನೋಡಾಕತ್ತಾರ್ರಿ" ಅಂದ್ಲು. ನೋಡ್ಲಿ ಅಂದೆ.

ಆಗ ಸಗರದ ಮಾನಮ್ಮ ಬಂದ್ಲು. ನಿನಗ ಗೊತ್ತಲ್ಲ, ದಪ್ಪಾಕಿ, ನೀರಿಗೆ ಇಳದ್ರ ನೀರು ಮೆಟ್ಟಲ ಮ್ಯಾಲೆ ಬರತೈತಿ ಅಂತ ನೀ ನಗತಿದ್ದಿ. ಹಂತ್ಯಾಕ ಕುಂತು ನನ್ನ ಕೈ ಹಿಡಕೊಂಡ್ಲು. "ಹೋದ ವರ್ಷ ನಾ ತಡಾ ಮಾಡಿ ಬಿಡಾರದ ಕಡಿಂದ ಬಂದಾಗ ನಿನ್ನ ಕಲ್ಲಿನ ಹಂತ್ಯಾಕ ನೋಡಿದೆ, ಮಾತಾಡಸಬಾರದಂತ ಸುಮ್ಮನಾದೆ. ಪಾಪ, ಮಕ್ತುಂಬಿಗೆ ಏನಾಗಿತ್ತವ್ವ? ಬಾಳ ಒದ್ದಾಡಿದಳೇನು?"

ಮಕ್ತೂ, ಆಕಿ ಕಣ್ಣಾಗ ನೀರಿತ್ತು. ಒಂದು ವರ್ಷ ಪೂರಾ ಆಕಿ ನೀ ಸತ್ತೀಯಂತ ತಿಳಕೊಂಡಿದ್ಲು. ಸಗರದಾಗ ನಾಕು ಮಂದಿಗೆ ಹೇಳಿದ್ಲಂತ. ಅವರೂ ಮರುಗಿದ್ರಂತ. ನಾ ಬಾಯಿ ಬಿಟ್ಟು ಹೇಳಿದ್ದಿಲ್ಲ, ಬೆನ್ನಿಲೆ ಹೇಳಿದ ಸುಳ್ಳು ಬಂಡಿ ಹತ್ತಿ ಊರೂರು ತಿರಿಗ್ಯಾಡಿತ್ತು.

"ಸತ್ತಿಲ್ಲ" ಅಂದೆ. ಇನ್ನೊಮ್ಮೆ ಗಟ್ಟಿಯಾಗಿ ಅಂದೆ. "ಮಕ್ತುಂಬಿ ಸತ್ತಿಲ್ಲ. ಗುರುಮಠಕಲ್‌ನಾಗ ಮಗಳ ಮನಿಯಾಗ ಇದ್ದಾಳ. ಆಕಿ ಇಲ್ಲೇ ಹುಣಸಿ ಗಿಡದ ಕೆಳಗ ಎಳ್ಳು ಹಿಡಕೊಂಡು ನಿಂತಾಗ ನಾ ಕಲ್ಲಿಗೆ ಬೆನ್ನು ಕೊಟ್ಟೆ. ಸುಳ್ಳು ಕೊಟ್ಟೆ."

ಮಾನಮ್ಮ ನನ್ನ ಕೈ ಬಿಟ್ಲು. ಬೈತಾಳಂತ ಮಾಡಿದ್ದೆ. ಬೈಲಿಲ್ಲ. ಎದ್ದು ತನ್ನ ಜೋಡಿ ಹಂತ್ಯಾಕ ಹೋದ್ಲು. ಆಕಿ ಕೈ ಬಿಟ್ಟ ಜಾಗಾ ಇನ್ನೂ ತಣ್ಣಗ ಐತಿ.

ನಾ ಜಳಕ ಮಾಡಲಿಲ್ಲ. ಬೆನ್ನಿಗೆ ಎಳ್ಳು ಹತ್ತಲಿಲ್ಲ. ಒಣ ಬೆನ್ನಿಲೆ ಮನಿಗೆ ಬಂದೆ. ಹಂಗ ಬಂದ್ರ ವರ್ಷಪೂರ್ತಿ ಮನಿಗೆ ಕೇಡು ಅಂತಾರಲ್ಲ, ಮೌನಮ್ಮ ಅಳಾಕತ್ತಿದ್ಲು. ದಾರಿಯಾಗ ಬಸವಂತ್ರಾಯ ನಿಂತಿದ್ದ, ಹೋದ ವರ್ಷ ನಿಂತಲ್ಲೇ. ಎಲ್ಲಾ ಕೇಳಿಸಿಕೊಂಡಿದ್ದ. ಬಾಳ ದೂರ ನನ್ನ ಹಿಂದ ಹಿಂದ ನಡದು ಬಂದ. ಮನಿ ಬಾಗಿಲಿಗೆ ಬಂದ ಮ್ಯಾಲೆ ಕೇಳಿದ, "ಅವ್ವ, ಗಾದಿಯೆಲ್ಲಾ ಗಂಟು ಗಂಟು ಆಗ್ಯಾವು. ಯಾರ ಕಡೆ ಹಿಂಜಿಸೋದು?"

"ನೀನ ಹೇಳಪ್ಪ" ಅಂದೆ.

ಅವನ ಪರವಾಗಿ ನಾ ಏನೂ ಬರ್ಯಂಗಿಲ್ಲ. ಅವನ ಮಾತು ಅವನ ಬಂದು ಹೇಳಬೇಕು. ಊರಾಗ ಎಲ್ಲಾರ ಗಾದಿನೂ ಗಂಟು ಕಟ್ಟ್ಯಾವ ಮಕ್ತೂ. ನೀ ತುಂಬಿದ ಗಾದಿ ಮ್ಯಾಲೆ ಮಲಗಿಕೊಂಡು ನಿನ್ನ ದಾರಿ ಬಂದ್ ಮಾಡಿದವರು ನಾವು. ಮಗ್ಗಲು ಬದಲಿಸಿದಾಗೊಮ್ಮೆ ಚುಚ್ಚತಾವ. ಚುಚ್ಚಲಿ.

ಕ್ಷಮಾ ಮಾಡು ಅಂತ ಬರ್ಯಾಕ ಕುಂತಿದ್ದೆ. ಬರೀವಲ್ಲೆ. ಅದು ನೀ ಕೊಡೋದು, ನಾ ಕೇಳಿ ಇಸಕೊಳ್ಳೋದಲ್ಲ. ಊರಿಗೆ ಬಾ ಅಂತನೂ ಬರೀವಲ್ಲೆ. ಹುಣಸಿ ಗಿಡದ ಕೆಳಗ ಯಾರೂ ನಿಲ್ಲದ ವರ್ಷ ನಾನ ಬಂದು ಕರೀತೀನಿ. ಅಲ್ಲೀತನಾ ನನ್ನ ಬೆನ್ನು ಒಣಗಿದ್ದ ಇರ್ಲಿ. ಆ ಕಲ್ಲಿಗಂತೂ ಇನ್ನ ಕೊಡಂಗಿಲ್ಲ. ನಾ ಮೊದ್ಲ ಹೋದ್ರ, ನೀನೂ ಅದಕ್ಕ ಬೆನ್ನು ಕೊಡಬ್ಯಾಡ.

ಕೇಳೋದು ಒಂದ ಐತಿ. ನಾ ಬಾಯಿಲೆ ಹೇಳಿದ್ದನ್ನ ಮಾನಮ್ಮ ನಂಬ್ಯಾಳೋ ಇಲ್ಲೋ ಗೊತ್ತಿಲ್ಲ. ಒಮ್ಮೆ ಸುಳ್ಳು ಹೇಳಿದಾಕಿ ಮಾತು ಯಾರು ನಂಬ್ತಾರ? ಅದಕ್ಕ ಆಮೀನಾನ ಕೈಲೆ ಒಂದು ಸಾಲು ಬರಸು. ನನ್ನ ಹೆಸರು ಹಾಕಬ್ಯಾಡ, ಶರಣು ಸಲಾಮು ಏನೂ ಬ್ಯಾಡ. ಬೈಬೇಕಂದ್ರ ಬೈದು ಬರಸು, ಬಸವಂತ್ರಾಯ ಹುಟ್ಟಿದಾಗಿಂದ ನೀ ಬೈದದ್ದೆಲ್ಲಾ ನನಗ ಬಾಯಿಪಾಠ ಐತಿ. ಸಿಟ್ಟಿದ್ರೂ ಸರಿ, ಮಕ್ತುಂಬಿ ಇದ್ದಾಳ ಅಂತ ಅಷ್ಟ ಬರಸು. ಅದನ್ನ ಹಿಡಕೊಂಡು ಸಗರಕ್ಕ ಹೋಗಿ, ನಿನ್ನ ಸಲುವಾಗಿ ಅತ್ತವರ ಮನಿ ಮನಿಗೂ ನಾನ ಓದಿ ಹೇಳಬೇಕು.

ಲಗೂ ಬರಸು ಮಕ್ತೂ.

ನಿನ್ನ ಬೆನ್ನಜೋಡಿ
ಶೇಖಿ